ಮುಷ್ಟಿ ನೋಯುತ್ತಿದ್ದರೆ ಪಾದವನ್ನು ನೋಡಿ: ಸಮರಕಲೆಯ ಹೊಸಬರಿಗೆ ದೋಷ ನಿವಾರಣೆ ಕೈಪಿಡಿ

ಕರಾಟೆಯಾಗಲಿ, ಬಾಕ್ಸಿಂಗ್ ಆಗಲಿ, ಜೂಡೊ ಆಗಲಿ, ತರಗತಿಗೆ ಸೇರಿದ ಮೊದಲ ಆರು ತಿಂಗಳಲ್ಲಿ ಕಲಿಯುವವರು ಹೊತ್ತು ತರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಗುದ್ದಿದರೆ ಮಣಿಕಟ್ಟು ನೋಯುತ್ತದೆ. ಒದ್ದರೆ ನಿಂತ ಕಾಲಿನ ಮಂಡಿ ಹಿಡಿದುಕೊಳ್ಳುತ್ತದೆ. ಬಿದ್ದರೆ ತಲೆ ನೆಲಕ್ಕೆ ತಾಗುತ್ತದೆ. ಎದುರಿಗೆ ಒಬ್ಬರು ಬಂದು ನಿಂತ ಕೂಡಲೇ ಕಲಿತದ್ದೆಲ್ಲ ಮರೆತುಹೋಗುತ್ತದೆ. ಹೊಸಬರ ತರಗತಿಯನ್ನು ಹಲವು ವರ್ಷ ನೋಡಿಕೊಂಡವನಾಗಿ, ಈ ದೂರುಗಳ ಮೂಲವನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಹುಡುಕುವಾಗ ನಾನು ಹಿಡಿದುಕೊಂಡು ಬಂದಿರುವ ನಿಯಮ ಒಂದೇ: ತಪ್ಪು ಕಾಣಿಸಿಕೊಂಡ ಜಾಗವನ್ನು ಕೊನೆಗೆ ನೋಡಬೇಕು, ನೆಲಕ್ಕೆ ತಾಗಿರುವ ಪಾದವನ್ನು ಮೊದಲು ನೋಡಬೇಕು. ನಿಂತು ಮಾಡುವ ಯಾವ ಹೊಡೆತಕ್ಕೂ ಬಲ ಹುಟ್ಟುವುದು ನೆಲವನ್ನು ಒತ್ತುವ ಪಾದದಲ್ಲಿ; ಅಲ್ಲಿಂದ ಅದು ಮಂಡಿ, ಸೊಂಟ, ಬೆನ್ನು, ಭುಜ, ಮೊಣಕೈಗಳನ್ನು ದಾಟಿ ಮುಷ್ಟಿಗೆ ಬರುತ್ತದೆ. ಈ ದಾರಿಯಲ್ಲಿ ಒಂದು ಕೀಲು ತನ್ನ ಕೆಲಸ ಮಾಡದೆ ಹೋದರೆ ಮುಂದಿನ ಕೀಲು ಅದರ ಪಾಲನ್ನೂ ಹೊತ್ತುಕೊಳ್ಳುತ್ತದೆ, ಮತ್ತು ಹೊರೆ ತಾಳಲಾರದೆ ದೂರು ಹೇಳುವುದು ಆ ಎರಡನೆಯ ಕೀಲೇ ಹೊರತು ಮೈಗಳ್ಳತನ ಮಾಡಿದ ಮೊದಲನೆಯದಲ್ಲ. ನೋಯುವ ಕೀಲಿಗೆ ಪಟ್ಟಿ ಸುತ್ತಿ, ಮುಲಾಮು ಹಚ್ಚಿ, ಮತ್ತೆ ಹಾಗೆಯೇ ಗುದ್ದುತ್ತಾ ಹೋಗುವವರ ನೋವು ತಿಂಗಳುಗಟ್ಟಲೆ ಉಳಿಯುವುದು ಇದರಿಂದಲೇ.

ಪರೀಕ್ಷೆಗೆ ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ಗೋಡೆ, ಒಂದು ಕುರ್ಚಿ, ಒಂದು ಮೊಬೈಲ್ ಸಾಕು. ಮೊಬೈಲನ್ನು ಸೊಂಟದ ಎತ್ತರದಲ್ಲಿಟ್ಟು, ಒಮ್ಮೆ ಎದುರಿನಿಂದ, ಒಮ್ಮೆ ಪಕ್ಕದಿಂದ, ಒಂದೇ ಹೊಡೆತವನ್ನು ಹತ್ತು ಹತ್ತು ಸಲ ಮಾಡಿ ವಿಡಿಯೊ ತೆಗೆದುಕೊಳ್ಳಬೇಕು. ಆಮೇಲೆ ನೋಡಬೇಕಾದದ್ದು ಮೊದಲ ಮೂರು ಹೊಡೆತಗಳನ್ನಲ್ಲ, ಕೊನೆಯ ಮೂರನ್ನು. ಏಕೆಂದರೆ ಮೊದಲ ಮೂರರಲ್ಲಿ ಕ್ಯಾಮೆರಾದ ಅರಿವಿರುತ್ತದೆ, ಕೊನೆಯ ಮೂರರಲ್ಲಿ ನಿಜವಾದ ಅಭ್ಯಾಸ ಹೊರಬೀಳುತ್ತದೆ. ದೋಷ ಸಿಕ್ಕಿತೆಂದು ಒಂದೇ ದಿನ ನಾಲ್ಕು ಬದಲಾವಣೆ ಮಾಡಬಾರದು. ಒಂದನ್ನು ಬದಲಿಸಿ, ಒಂದು ವಾರ ಹಾಗೆಯೇ ಅಭ್ಯಾಸ ಮಾಡಿ, ಮತ್ತೆ ವಿಡಿಯೊ ತೆಗೆದು ನೋಡಿದರೆ ಮಾತ್ರ ಯಾವ ಬದಲಾವಣೆ ಕೆಲಸ ಮಾಡಿತು ಎಂಬುದು ತಿಳಿಯುತ್ತದೆ.

ಕೆಲವು ಲಕ್ಷಣಗಳಿಗೆ ಈ ಕೈಪಿಡಿ ಬಳಸಬಾರದು. ಕೀಲು ಊದಿಕೊಂಡು ಭಾರ ಹಾಕಲಾಗದಿದ್ದರೆ, ಮಂಡಿ ನಡುವೆ ಸಿಕ್ಕಿಕೊಂಡು ಬಿಡಿಸಿಕೊಳ್ಳದಿದ್ದರೆ, ಕೈಕಾಲು ಮರಗಟ್ಟಿದ್ದರೆ, ಮೂಳೆಯ ಮೇಲೆ ಒಂದೇ ಬಿಂದುವಿನಲ್ಲಿ ಒತ್ತಿದಾಗ ಚುಚ್ಚಿದಂತಾದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ತಲೆನೋವು, ವಾಂತಿ, ಮಂಪರು ಅಥವಾ ಗೊಂದಲ ಕಾಣಿಸಿಕೊಂಡರೆ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು.

ಗುದ್ದಿದಾಗ ಮಣಿಕಟ್ಟು ಅಥವಾ ಗೆಣ್ಣು ನೋಯುತ್ತದೆ

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಇದು. ಮುಷ್ಟಿಯಲ್ಲಿ ಪೆಟ್ಟು ತಾಗಬೇಕಾದದ್ದು ತೋರುಬೆರಳು ಮತ್ತು ನಡುಬೆರಳಿನ ಬುಡದ ಎರಡು ದೊಡ್ಡ ಗೆಣ್ಣುಗಳಿಂದ. ಆ ಎರಡು ಬೆರಳುಗಳ ಹಿಂದಿರುವ ಅಂಗೈ ಮೂಳೆಗಳು ಮಣಿಕಟ್ಟಿಗೆ ಅಲುಗದಂತೆ ಕೂಡಿಕೊಂಡಿವೆ. ಉಂಗುರಬೆರಳು ಮತ್ತು ಕಿರುಬೆರಳಿನ ಹಿಂದಿನ ಮೂಳೆಗಳು ತೆಳ್ಳಗಿದ್ದು ಅಲುಗಾಡುತ್ತವೆ. ತರಬೇತಿಯಿಲ್ಲದವರು ಬೀಸಿ ಗುದ್ದಿದಾಗ ಕಿರುಬೆರಳಿನ ಹಿಂದಿನ ಮೂಳೆ ಗೆಣ್ಣಿನ ಹತ್ತಿರವೇ ಮುರಿಯುವುದು ಎಷ್ಟು ಸಾಮಾನ್ಯವೆಂದರೆ ವೈದ್ಯರು ಅದನ್ನು ಬಾಕ್ಸರ್ಸ್ ಫ್ರ್ಯಾಕ್ಚರ್ ಎಂದೇ ಕರೆಯುತ್ತಾರೆ. ಪಳಗಿದ ಬಾಕ್ಸರುಗಳಿಗಿಂತ ಪಳಗದವರಲ್ಲೇ ಅದು ಹೆಚ್ಚು ಎಂಬುದು ಆ ಹೆಸರಿನ ವಿಪರ್ಯಾಸ.

ಗೋಡೆಯ ಪರೀಕ್ಷೆಯನ್ನು ಹೀಗೆ ಮಾಡಬೇಕು. ಮಡಚಿದ ಟವೆಲನ್ನು ಗೋಡೆಗೆ ಭುಜದ ಎತ್ತರದಲ್ಲಿ ಒತ್ತಿ, ಅದರ ಮೇಲೆ ಮುಷ್ಟಿಯಿಟ್ಟು, ಹೊಡೆಯದೆ, ದೇಹದ ಭಾರವನ್ನು ನಿಧಾನವಾಗಿ ಮುಷ್ಟಿಯ ಮೇಲೆ ಬಿಡಬೇಕು. ಮುಂಗೈಯ ಬೆನ್ನಿನಿಂದ ಕೈಯ ಮೂಳೆಯವರೆಗೆ ಒಂದು ಸ್ಕೇಲು ಇಟ್ಟಂತೆ ನೇರ ಗೆರೆ ಉಳಿಯಬೇಕು. ಮುಷ್ಟಿ ಕೆಳಮುಖವಾಗಿ ಮಡಚಿಕೊಂಡರೆ ಹೆಬ್ಬೆರಳು ಎಲ್ಲಿದೆ ನೋಡಿ: ಬೆರಳುಗಳ ಒಳಗೆ ಸೇರಿಸಿಕೊಂಡಿದ್ದರೆ ಅಥವಾ ತೋರುಬೆರಳಿನ ಪಕ್ಕಕ್ಕೆ ನಿಲ್ಲಿಸಿದ್ದರೆ ಮುಷ್ಟಿ ಟೊಳ್ಳಾಗಿರುತ್ತದೆ, ಮಡಚಿಕೊಳ್ಳುವುದು ಸಹಜ. ಹೆಬ್ಬೆರಳು ಹೊರಗಿನಿಂದ ಬಂದು ತೋರುಬೆರಳು ಮತ್ತು ನಡುಬೆರಳಿನ ಮೇಲೆ ಅಡ್ಡಲಾಗಿ ಕೂರಬೇಕು. ಮುಷ್ಟಿ ಸರಿಯಿದ್ದೂ ಭಾರವೆಲ್ಲ ಕಿರುಬೆರಳಿನ ಕಡೆಗೆ ಜಾರುತ್ತಿದ್ದರೆ ದೋಷ ಮುಷ್ಟಿಯದಲ್ಲ, ಮೊಣಕೈಯದು. ಅದು ಕೋಳಿಯ ರೆಕ್ಕೆಯಂತೆ ಹೊರಕ್ಕೆ ಎದ್ದಿರುತ್ತದೆ.

ಇನ್ನು ಮೊಣಕೈ ಏಕೆ ಏಳುತ್ತದೆ ಎಂದು ಕೇಳಬೇಕು. ನನ್ನ ತರಗತಿಗೆ ಬರುತ್ತಿದ್ದ ಒಬ್ಬರು ಬಲಗೈ ಮಣಿಕಟ್ಟಿನ ನೋವಿಗೆ ಎರಡು ಜೊತೆ ಗ್ಲೋವ್ಸ್ ಬದಲಿಸಿ, ಮಣಿಕಟ್ಟಿಗೆ ಪಟ್ಟಿ ಕೊಂಡು, ಮೂರು ವಾರ ಬಲಗೈಗೆ ವಿಶ್ರಾಂತಿ ಕೊಟ್ಟು ಬಂದರೂ ನೋವು ಹೋಗಿರಲಿಲ್ಲ. ಗೋಡೆಯ ಪರೀಕ್ಷೆಯಲ್ಲಿ ಅವರ ಮುಷ್ಟಿ ನೇರವಾಗಿಯೇ ನಿಂತಿತು. ಗುದ್ದಿ ಅಭ್ಯಾಸ ಮಾಡುವ ತೂಗುಬ್ಯಾಗಿನ ಮುಂದೆ ಮಾತ್ರ ಓರೆಯಾಯಿತು. ಕೆಳಗೆ ನೋಡಿದರೆ ಹಿಂದಿನ ಪಾದ ಪೂರ್ತಿ ಪಕ್ಕಕ್ಕೆ, ಬ್ಯಾಗಿಗೆ 90 ಡಿಗ್ರಿ ಕೋನದಲ್ಲಿ ತಿರುಗಿ ನಿಂತಿತ್ತು. ಪಾದ ಹಾಗೆ ನಿಂತಾಗ ಸೊಂಟ ಮುಂದಕ್ಕೆ ತಿರುಗಲು ದಾರಿಯಿಲ್ಲ. ಸೊಂಟ ತಿರುಗದಿದ್ದಾಗ ಭುಜವನ್ನೇ ಎಸೆದು ದೂರವನ್ನು ತುಂಬಿಕೊಳ್ಳಬೇಕು. ಭುಜ ಎಸೆದಾಗ ಮೊಣಕೈ ಏಳುತ್ತದೆ. ಮೊಣಕೈ ಎದ್ದಾಗ ಮುಷ್ಟಿ ಓರೆಯಾಗಿ ತಾಗುತ್ತದೆ. ಹಿಂದಿನ ಪಾದದ ಬೆರಳುಗಳನ್ನು 45 ಡಿಗ್ರಿಗಿಂತ ಒಳಗೆ, ಮುಂದಕ್ಕೆ ತಿರುಗಿಸಿದ್ದೊಂದೇ ಅಂದು ನಾವು ಮಾಡಿದ ಚಿಕಿತ್ಸೆ. ಎರಡನೆಯ ವಾರಕ್ಕೆ ಅವರು ಪಟ್ಟಿ ಹಾಕಿಕೊಳ್ಳುವುದನ್ನು ಬಿಟ್ಟರು.

ಪಾದವೂ ಮೊಣಕೈಯೂ ಸರಿಯಿದ್ದು ಬ್ಯಾಗಿನಲ್ಲಿ ಮಾತ್ರ ನೋವು ಬರುತ್ತಿದ್ದರೆ ಉಳಿಯುವ ಕಾರಣ ಎರಡೇ. ಒಂದು, ದೂರ: ಬ್ಯಾಗಿಗೆ ಅತಿ ಹತ್ತಿರ ನಿಂತವರ ಕೈ ಚಾಚಿಕೊಳ್ಳುವ ಮೊದಲೇ ತಾಗಿ ಮಣಿಕಟ್ಟು ಕುಸಿಯುತ್ತದೆ, ಮತ್ತು ತೂಗಾಡುತ್ತಾ ತಮ್ಮ ಕಡೆಗೇ ಬರುತ್ತಿರುವ ಬ್ಯಾಗಿಗೆ ಗುದ್ದಿದವರಿಗೆ ಆ ಬ್ಯಾಗಿನ ವೇಗವೂ ಸೇರಿ ಪೆಟ್ಟು ಹಿಂತಿರುಗುತ್ತದೆ. ಬ್ಯಾಗು ನಿಂತ ಮೇಲೆ, ಅರ್ಧ ಬಲದಲ್ಲಿ ಹತ್ತು ಗುದ್ದು ಹೊಡೆದು ನೋಡಿದರೆ ಇದು ಹೌದೋ ಅಲ್ಲವೋ ತಿಳಿಯುತ್ತದೆ. ಎರಡು, ಹ್ಯಾಂಡ್ ರ್‍ಯಾಪ್: ದೊಡ್ಡವರಿಗೆ ಸಾಮಾನ್ಯವಾಗಿ ಬಳಸುವ ಪಟ್ಟಿ ಸುಮಾರು 4.5 ಮೀಟರ್ ಉದ್ದವಿರುತ್ತದೆ, ಹೊಸಬರು ಅದರ ಬಹುಪಾಲನ್ನು ಗೆಣ್ಣಿನ ಮೇಲೆಯೇ ಸುತ್ತಿ ಮಣಿಕಟ್ಟಿಗೆ ಒಂದು ಸುತ್ತು ಮಾತ್ರ ಉಳಿಸುತ್ತಾರೆ. ಬೆರಳು ಅಗಲಿಸಿಟ್ಟುಕೊಂಡು ಸುತ್ತಿ, ಮಣಿಕಟ್ಟಿಗೆ ಕಡಿಮೆಯೆಂದರೂ ಮೂರು ಸುತ್ತು ಬರುವಂತೆ ನೋಡಿಕೊಳ್ಳಬೇಕು.

ಗುದ್ದಿಗೆ ಬಲವಿಲ್ಲ, ಭುಜ ಮಾತ್ರ ಸೋಲುತ್ತದೆ

ಮೂರು ನಿಮಿಷ ಗಾಳಿಯಲ್ಲಿ ಗುದ್ದಿದ ಮೇಲೆ ಕುತ್ತಿಗೆ ಮತ್ತು ಭುಜದ ನಡುವಿನ ಮಾಂಸ ಕಲ್ಲಿನಂತಾಗಿದ್ದರೆ ನೀವು ಕೈಯಿಂದ ಗುದ್ದುತ್ತಿದ್ದೀರಿ ಎಂದರ್ಥ. ಕಾರಣ ಬಹುತೇಕ ಎರಡರಲ್ಲಿ ಒಂದಾಗಿರುತ್ತದೆ: ಉಸಿರು ಹಿಡಿಯುವುದು ಅಥವಾ ಮುಷ್ಟಿಯನ್ನು ಹೊರಡುವ ಮೊದಲೇ ಬಿಗಿಯುವುದು. ಉಸಿರಿನ ಪರೀಕ್ಷೆ ಬಹಳ ಸುಲಭ. ಪ್ರತಿ ಗುದ್ದಿಗೆ ಒಂದರಂತೆ ಗಟ್ಟಿಯಾಗಿ ಎಣಿಸುತ್ತಾ ಇಪ್ಪತ್ತು ಗುದ್ದಬೇಕು. ಎಣಿಕೆ ಗುದ್ದಿನ ಹಿಂದೆ ಬೀಳುತ್ತಿದ್ದರೆ ಅಥವಾ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದ್ದರೆ ಉಸಿರು ಒಳಗೇ ನಿಂತಿದೆ. ಕರಾಟೆಯ ಕಿಯಾಯ್ ಕೂಗಾಗಲಿ, ಬಾಕ್ಸರುಗಳು ಹಲ್ಲಿನ ನಡುವೆ ಬಿಡುವ ಸುಯ್ ಎಂಬ ಸದ್ದಾಗಲಿ ಹೊಡೆತದ ಕ್ಷಣದಲ್ಲಿ ಉಸಿರನ್ನು ಹೊರಗೆ ಹಾಕಿಸಿ ಹೊಟ್ಟೆಯ ಸ್ನಾಯುಗಳನ್ನು ಬಿಗಿಗೊಳಿಸುತ್ತವೆ. ಎದುರಾಳಿಯನ್ನು ಹೆದರಿಸುವುದು ಅವುಗಳ ಉಪಕೆಲಸ ಮಾತ್ರ.

ಬಿಗಿತಕ್ಕೆ ಜೊತೆಗಾರರ ನೆರವು ಬೇಕು. ಅವರು ನಿಮ್ಮ ಭುಜದ ಮೇಲೆ ಅಂಗೈ ಇಟ್ಟಿರಲಿ, ನೀವು ನಿಧಾನವಾಗಿ ಗುದ್ದಿ. ಕೈ ಹೊರಡುವ ಮೊದಲೇ ಅವರ ಅಂಗೈ ಮೇಲಕ್ಕೆ ಎದ್ದರೆ ಸೊಂಟಕ್ಕಿಂತ ಮೊದಲು ಭುಜ ಹೊರಟಿದೆ. ಇಲ್ಲಿ ಇನ್ನೊಂದು ಗೊಂದಲವನ್ನು ಬಿಡಿಸಬೇಕು. ಕರಾಟೆಯ ಹಲವು ಶೈಲಿಗಳಲ್ಲಿ ಗುದ್ದುವಾಗ ಹಿಂದಿನ ಹಿಮ್ಮಡಿ ನೆಲದಲ್ಲೇ ಇರಬೇಕು, ಬಾಕ್ಸಿಂಗ್‌ನಲ್ಲಿ ಅದೇ ಹಿಮ್ಮಡಿ ಎದ್ದು ಹೊರಕ್ಕೆ ತಿರುಗಬೇಕು. ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿ. ಬೆಳಗ್ಗೆ ಒಂದನ್ನು ತರಗತಿಯಲ್ಲಿ ಕಲಿತು, ರಾತ್ರಿ ಇನ್ನೊಂದನ್ನು ವಿಡಿಯೊದಲ್ಲಿ ನೋಡಿ ಬೆರೆಸಿಕೊಂಡವರ ಹಿಮ್ಮಡಿ ಮಾತ್ರ ಅತ್ತ ನೆಲದಲ್ಲೂ ಇರದೆ ಇತ್ತ ತಿರುಗದೆ ಅರ್ಧದಲ್ಲಿ ತೇಲುತ್ತಿರುತ್ತದೆ, ಮತ್ತು ನೆಲದಿಂದ ಬರಬೇಕಾದ ಬಲ ಅಲ್ಲೇ ಸೋರಿಹೋಗುತ್ತದೆ. ಮೊದಲ ವರ್ಷ ಒಂದೇ ಪದ್ಧತಿಯನ್ನು ಹಿಡಿದುಕೊಳ್ಳುವುದು ಒಳ್ಳೆಯದು ಎಂದು ನಾನು ಹೇಳುವುದು ಸಂಪ್ರದಾಯದ ಮೇಲಿನ ಭಕ್ತಿಯಿಂದಲ್ಲ, ಈ ಹಿಮ್ಮಡಿಯ ಕಾರಣಕ್ಕೆ.

ನಿಂತಲ್ಲೇ ಓಲಾಡುತ್ತೇನೆ, ಮುಂದಿನ ಮಂಡಿ ನೋಯುತ್ತದೆ

ಮುಂದಿನ ಮಂಡಿ ಬಾಗಿರುವ ಸ್ಟಾನ್ಸ್‌ನಲ್ಲಿ, ಎಂದರೆ ನಿಲುವಿನಲ್ಲಿ, ನಿಂತು ಕೆಳಗೆ ನೋಡಿ. ಮಂಡಿ ನಿಮ್ಮ ಕಾಲಿನ ಎರಡನೆಯ ಬೆರಳಿನ ದಿಕ್ಕಿಗೇ ಮುಖ ಮಾಡಿರಬೇಕು. ಮಂಡಿಯ ಹೊರಗಡೆ ಕಿರುಬೆರಳೂ ಪಕ್ಕದ ಎರಡು ಬೆರಳೂ ಕಾಣುತ್ತಿದ್ದು, ಒಳಗಡೆ ಹೆಬ್ಬೆರಳೇ ಮುಚ್ಚಿಹೋಗಿದ್ದರೆ ಮಂಡಿ ಒಳಕ್ಕೆ ಕುಸಿದಿದೆ. ಹೆಚ್ಚಿನವರಲ್ಲಿ ಇದಕ್ಕೆ ಕಾರಣ ಅಂಗಾಲಿನ ಒಳಬದಿಗೆ ಭಾರ ಬಿಟ್ಟಿರುವುದು. ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿ ಈ ಮೂರೂ ಸಮನಾಗಿ ನೆಲ ಒತ್ತುವಂತೆ ಮಾಡಿಕೊಂಡರೆ ಮಂಡಿ ತಾನಾಗಿಯೇ ಹೊರಕ್ಕೆ ಬರುತ್ತದೆ. ಬರದಿದ್ದರೆ ಸೊಂಟದ ಪಕ್ಕದ ಸ್ನಾಯು ದುರ್ಬಲವಾಗಿದೆ, ಅದಕ್ಕೆ ಬೇರೆ ವ್ಯಾಯಾಮ ಬೇಕು.

ಓಲಾಟಕ್ಕೆ ಬಹುತೇಕ ಒಂದೇ ಕಾರಣ: ಎರಡೂ ಪಾದಗಳು ಹಗ್ಗದ ಮೇಲೆ ನಡೆಯುವವರಂತೆ ಒಂದೇ ಗೆರೆಯಲ್ಲಿ ಬಂದಿರುತ್ತವೆ. ಕರಾಟೆಯಲ್ಲಿ ಮುಂದಿನ ಮಂಡಿ ಬಗ್ಗಿಸಿ ನಿಲ್ಲುವ ಝೆಂಕುತ್ಸು ದಾಚಿ ನಿಲುವಿನಲ್ಲಿ ಉದ್ದ ಸುಮಾರು ಎರಡು ಭುಜದಗಲ, ಅಗಲ ಸುಮಾರು ಒಂದು ಭುಜದಗಲ, ಭಾರ ಮುಂದಿನ ಕಾಲಿಗೆ ನೂರಕ್ಕೆ 60, ಹಿಂದಿನದಕ್ಕೆ 40ರ ಹತ್ತಿರ. ಹೊಸಬರು ಉದ್ದವನ್ನು ನೆನಪಿಟ್ಟುಕೊಂಡು ಅಗಲವನ್ನು ಮರೆಯುತ್ತಾರೆ. ಜೊತೆಗಾರರು ಪಕ್ಕದಿಂದ ಭುಜವನ್ನು ಎರಡು ಬೆರಳಲ್ಲಿ ಮೆಲ್ಲಗೆ ತಳ್ಳಿದರೆ ಸಾಕು, ಅಗಲವಿಲ್ಲದ ನಿಲುವು ಆಗಲೇ ಹೆಜ್ಜೆ ತಪ್ಪುತ್ತದೆ.

ಒದೆತಗಳ ದೋಷ

ಮುಂದಕ್ಕೆ ಒದೆಯುವ ಮಾಯೆ ಗೆರಿಯಲ್ಲಿ ಕಾಲ್ಬೆರಳು ತಾಗಿ ನೋಯುತ್ತಿದ್ದರೆ ಹೆಚ್ಚು ಯೋಚಿಸಬೇಕಾಗಿಲ್ಲ. ಬೆರಳುಗಳನ್ನು ಮೇಲಕ್ಕೆಳೆದು ಅಂಗಾಲಿನ ಮುಂಭಾಗದ ದಿಂಡಿನಿಂದ ಒದೆಯಬೇಕು. ಪಾದವನ್ನು ಮುಂದಕ್ಕೆ ಚಾಚಿಯೂ ಬೆರಳನ್ನು ಹಿಂದಕ್ಕೆ ಎಳೆದಿಡುವುದು ಕೆಲವರಿಗೆ ಬರುವುದಿಲ್ಲ. ಅವರು ನೆಲದಲ್ಲಿ ಹಿಮ್ಮಡಿಯೆತ್ತಿ ತುದಿಗಾಲಲ್ಲಿ ನಿಂತು ನೋಡಲಿ. ಒದೆತದಲ್ಲಿ ಬೇಕಾದ ಪಾದದ ಆಕಾರ ಅದೇ.

ಬೀಸಿ ಒದೆಯುವ ರೌಂಡ್‌ಹೌಸ್ ಕಿಕ್‌ನ ದೋಷಕ್ಕೆ ಹೆಚ್ಚು ಗಮನ ಕೊಡಬೇಕು, ಏಕೆಂದರೆ ಅದರ ಬೆಲೆ ತೆರುವುದು ಮಂಡಿ. ಮಂಡಿ ಮಡಚಲು ಮತ್ತು ಚಾಚಲು ಆಗಿರುವ ಕೀಲು. ತಿರುಚಿಕೊಳ್ಳಲು ಅದಕ್ಕೆ ಬಹಳ ಕಡಿಮೆ ಆಸ್ಪದವಿದೆ. ಒದೆಯುವ ಕಾಲು ಬೀಸಿಕೊಂಡು ಹೋಗುವಾಗ ಸೊಂಟವೂ ಜೊತೆಗೆ ತಿರುಗುತ್ತದೆ, ಆದರೆ ನಿಂತ ಪಾದ ನೆಲಕ್ಕೆ ಅಂಟಿಕೊಂಡಿದ್ದರೆ ಆ ತಿರುವೆಲ್ಲ ನಡುವಿನ ಮಂಡಿಯಲ್ಲಿ ಬೀಳುತ್ತದೆ. ಪಕ್ಕದಿಂದ ತೆಗೆದ ವಿಡಿಯೊವನ್ನು ಕಾಲು ತಾಗುವ ಕ್ಷಣದಲ್ಲಿ ನಿಲ್ಲಿಸಿ, ನಿಂತ ಪಾದದ ಹಿಮ್ಮಡಿ ಎತ್ತ ನೋಡುತ್ತಿದೆ ಎಂದು ಗಮನಿಸಬೇಕು. ಅದು ಗುರಿಯ ಕಡೆಗೆ ತಿರುಗಿರಬೇಕು. ಇನ್ನೂ ಹಿಂದಕ್ಕೇ ಇದ್ದರೆ, ಬ್ಯಾಗನ್ನು ಬಿಟ್ಟು, ಕುರ್ಚಿಯ ಬೆನ್ನು ಹಿಡಿದು, ಮೊದಲು ಹಿಮ್ಮಡಿ, ಆಮೇಲೆ ಸೊಂಟ, ಆಮೇಲೆ ಮಂಡಿ ಎತ್ತುವುದು, ಕೊನೆಗೆ ಕಾಲು ಬಿಡಿಸುವುದು ಎಂಬ ಕ್ರಮದಲ್ಲಿ ನಿಧಾನವಾಗಿ ಅಭ್ಯಾಸ ಮಾಡಬೇಕು. ಹಿಡಿತ ಹೆಚ್ಚಿರುವ ಶೂ ಹಾಕಿಕೊಂಡು ರಬ್ಬರ್ ಮ್ಯಾಟಿನ ಮೇಲೆ ಈ ಒದೆತ ಕಲಿಯುವುದು ಮಂಡಿಯನ್ನು ಬೇಕೆಂದೇ ಕೆಡಿಸಿಕೊಂಡಂತೆ.

ಇನ್ನು ಎತ್ತರದ ಚಪಲ. ಕುರ್ಚಿ ಹಿಡಿಯದೆ, ಬೀಸದೆ, ಮಂಡಿಯನ್ನು ನಿಧಾನವಾಗಿ ಮೇಲೆತ್ತಿ ಮೂರು ಸೆಕೆಂಡು ಎಷ್ಟು ಎತ್ತರದಲ್ಲಿ ನಿಲ್ಲಿಸಬಲ್ಲಿರೋ ನಿಮ್ಮ ಇಂದಿನ ಒದೆತದ ಎತ್ತರ ಅಷ್ಟೇ. ಅದಕ್ಕಿಂತ ಮೇಲೆ ಹೋಗುವುದೆಲ್ಲ ಬೀಸಿನ ಬಲದಿಂದ, ಬೆನ್ನನ್ನು ಹಿಂದಕ್ಕೆ ಬಗ್ಗಿಸಿ ಕದ್ದ ಎತ್ತರ. ಒದ್ದ ಮೇಲೆ ಮುಂದಕ್ಕೆ ಕುಸಿದು ಬೀಳುವುದು, ಒದ್ದ ಕಾಲು ಹಿಂದಕ್ಕೆ ಬರದಿರುವುದು, ಎರಡೂ ಕೈ ಕೆಳಗಿಳಿದು ಮುಖ ಬಯಲಾಗುವುದು ಈ ಮೂರನ್ನೂ ಬೇರೆ ಬೇರೆ ತಪ್ಪುಗಳೆಂದು ತಿದ್ದಲು ಹೋಗುವವರಿದ್ದಾರೆ; ಎತ್ತರವನ್ನು ಒಂದು ಗೇಣು ಇಳಿಸಿದರೆ ಬಹಳ ಸಲ ಮೂರೂ ಒಟ್ಟಿಗೇ ಮಾಯವಾಗುತ್ತವೆ. ತೊಡೆಯ ಹಿಂಭಾಗದಲ್ಲಿ, ಕುಳಿತಾಗ ಒತ್ತುವ ಮೂಳೆಯ ಬಳಿ ಚುಚ್ಚುವ ನೋವಿದ್ದರೆ ಮಾತ್ರ ಎಳೆದು ಎಳೆದು ಸ್ಟ್ರೆಚ್ ಮಾಡಬಾರದು, ಅದು ಸ್ನಾಯು ಮೂಳೆಗೆ ಅಂಟಿಕೊಂಡಿರುವ ಜಾಗದ ನೋವು.

ಬೀಳುವಾಗ ಪೆಟ್ಟಾಗುತ್ತದೆ

ಜಿಗೊರೊ ಕಾನೊ 1882ರಲ್ಲಿ ಕೊಡೊಕಾನ್ ಸ್ಥಾಪಿಸಿ ರೂಪಿಸಿದ ಜೂಡೊದಲ್ಲಿ ಎಸೆಯುವುದಕ್ಕಿಂತ ಮೊದಲು ಉಕೆಮಿಯನ್ನು, ಎಂದರೆ ಬೀಳುವ ವಿದ್ಯೆಯನ್ನು ಕಲಿಸುತ್ತಾರೆ. ಹೊಸಬರು ಅದನ್ನು ಬೇಸರದ ಪೂರ್ವಸಿದ್ಧತೆಯೆಂದು ಬೇಗ ಮುಗಿಸಲು ನೋಡುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಕಲಿಯಲು ಸೇರಿದ ಮೂರನೆಯ ತಿಂಗಳಲ್ಲಿ ಒಂದು ಸುಲಭದ ಎಸೆತಕ್ಕೆ ಎಡಗೈಯನ್ನು ಹಿಂದಕ್ಕೆ ಊರಿ ಬಿದ್ದೆ. ಹೆಬ್ಬೆರಳಿನ ಬುಡದಲ್ಲಿ, ಹೆಬ್ಬೆರಳನ್ನು ಮೇಲೆತ್ತಿದಾಗ ಒಂದು ಚಿಕ್ಕ ಗುಳಿ ಬೀಳುತ್ತದಲ್ಲ, ಅಲ್ಲಿ ನೋವು. ಮೊದಲ ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ, ಎರಡು ವಾರದ ನಂತರದ್ದರಲ್ಲಿ ಬಿರುಕು ಕಂಡಿತು. ಮಣಿಕಟ್ಟಿನ ಆ ಪುಟ್ಟ ಮೂಳೆ ಸ್ಕೇಫಾಯ್ಡ್‌ನ ಸ್ವಭಾವವೇ ಹಾಗೆ, ಮೊದಲ ಚಿತ್ರದಲ್ಲಿ ತಪ್ಪಿಸಿಕೊಳ್ಳುತ್ತದೆ. ರಕ್ತದ ಪೂರೈಕೆ ಕಡಿಮೆಯಿರುವ ಭಾಗವಾದ್ದರಿಂದ ಕೂಡಿಕೊಳ್ಳುವುದೂ ನಿಧಾನ. ಆ ಗುಳಿಯಲ್ಲಿ ನೋವಿದ್ದರೆ ಉಳುಕು ಎಂದು ಸುಮ್ಮನಿರಬಾರದು.

ಹಿಂದಕ್ಕೆ ಬೀಳುವುದನ್ನು ನಿಂತು ಪರೀಕ್ಷಿಸಬಾರದು. ಮ್ಯಾಟಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಹಿಂದಕ್ಕೆ ಉರುಳಿ. ತಲೆಯ ಹಿಂಭಾಗ ಮ್ಯಾಟಿಗೆ ಸ್ವಲ್ಪ ತಾಗಿದರೂ ಎದ್ದು ನಿಂತು ಬೀಳುವ ಅರ್ಹತೆ ಇನ್ನೂ ಬಂದಿಲ್ಲ. ಗದ್ದವನ್ನು ಎದೆಗೆ ಒತ್ತಿಕೊಳ್ಳಿ ಎಂದು ಹೇಳಿದರೆ ಅರ್ಧ ಜನ ಬೀಳುವ ಹೊತ್ತಿಗೆ ಮರೆಯುತ್ತಾರೆ. ನಿಮ್ಮ ಬೆಲ್ಟಿನ ಗಂಟನ್ನು ನೋಡುತ್ತಾ ಬೀಳಿ ಎಂದರೆ ಮರೆಯುವುದಿಲ್ಲ, ಗಂಟು ನೋಡಲು ಗದ್ದ ತಾನೇ ಇಳಿಯುತ್ತದೆ. ಅನಂತರ ಕೈಗಳನ್ನು ನೋಡಬೇಕು. ಅಂಗೈ ಕೆಳಮುಖವಾಗಿ, ಬೆರಳಿನಿಂದ ಮೊಣಕೈಯವರೆಗಿನ ಭಾಗವೆಲ್ಲ ಒಟ್ಟಿಗೆ ಮ್ಯಾಟಿಗೆ ಬಡಿಯಬೇಕು, ದೇಹದಿಂದ ಕೈಯ ಕೋನ 45 ಡಿಗ್ರಿ ಮೀರಬಾರದು. ಮೊಣಕೈ ಮೊದಲು ತಾಗಿ ಆಮೇಲೆ ಅಂಗೈ ತಾಗಿದರೆ ಎರಡು ಸದ್ದು ಕೇಳುತ್ತದೆ. ಒಂದೇ ಸದ್ದು ಬರುವವರೆಗೆ ಕುಕ್ಕರಗಾಲಿನಿಂದ ಮೇಲೇಳಬೇಕಾಗಿಲ್ಲ.

ಸ್ಪಾರಿಂಗ್‌ನಲ್ಲಿ ಏನೂ ನೆನಪಾಗುವುದಿಲ್ಲ

ಸ್ಪಾರಿಂಗ್ ಎಂದರೆ ಜೊತೆಗಾರರ ಎದುರು ಮಾಡುವ ಅಭ್ಯಾಸದ ಕಾಳಗ. ಅದರಲ್ಲಿ ಕಲಿತದ್ದು ಮರೆತುಹೋಗುವುದನ್ನು ಧೈರ್ಯದ ಕೊರತೆಯೆಂದು ತೀರ್ಮಾನಿಸುವವರು ಬಹಳ. ನಾನು ನೋಡಿದಂತೆ ಹತ್ತರಲ್ಲಿ ಎಂಟು ಸಲ ಇದು ದೂರದ ಲೆಕ್ಕದ ದೋಷ. ಎದುರಾಳಿಯ ಕೈ ಮುಟ್ಟಬಲ್ಲ ಜಾಗದಲ್ಲಿ ನಿಂತುಕೊಂಡು ಏನು ಮಾಡಲಿ ಎಂದು ಯೋಚಿಸುವವರಿಗೆ ಯೋಚಿಸಲು ಸಮಯವೇ ಇರುವುದಿಲ್ಲ, ಕಣ್ಣು ಮುಚ್ಚುತ್ತದೆ, ಕೈ ಮುಖಕ್ಕೆ ಅಂಟುತ್ತದೆ, ಕಾಲು ನೇರ ಹಿಂದಕ್ಕೆ ಓಡುತ್ತದೆ. ಹೊಡೆಯುವುದಾಗಲಿ ತಡೆಯುವುದಾಗಲಿ ಇಲ್ಲದೆ, ಒಬ್ಬರು ಮುಂದೆ ಬಂದಷ್ಟು ಇನ್ನೊಬ್ಬರು ಸರಿದು, ನಡುವಿನ ಅಂತರವನ್ನು ಒಂದು ಹೆಜ್ಜೆಯಷ್ಟೇ ಉಳಿಸಿಕೊಳ್ಳುವ ಆಟವನ್ನು ಎರಡು ನಿಮಿಷ ಆಡಿಸಿ ನೋಡಬೇಕು. ಅದರಲ್ಲೇ ಅಂತರ ಕೆಡುತ್ತಿದ್ದರೆ ಗುದ್ದು ಒದೆತಗಳನ್ನು ತಿದ್ದಿ ಪ್ರಯೋಜನವಿಲ್ಲ. ಅಂತರ ಸರಿಯಿದ್ದು ಹೊಡೆತ ಬಂದಾಗ ಮಾತ್ರ ಕಣ್ಣು ಮುಚ್ಚುತ್ತಿದ್ದರೆ, ಜೊತೆಗಾರರು ಪ್ಯಾಡಿನಿಂದ ಹಣೆಯನ್ನು ಗಾಳಿ ಬೀಸಿದಷ್ಟು ಹಗುರಾಗಿ ಮುಟ್ಟುತ್ತಾ ಹೋಗಲಿ. ಮುಚ್ಚುವುದು ದೇಹದ ಸಹಜ ಪ್ರತಿಕ್ರಿಯೆ. ಅದು ಪೂರ್ತಿ ಹೋಗುವುದಿಲ್ಲ, ಮುಚ್ಚಿದ ಕಣ್ಣು ಬೇಗ ತೆರೆಯುವುದನ್ನು ಕಲಿಯುತ್ತದೆ.

ಇದಕ್ಕೆ ವಿರುದ್ಧದ ದೂರು, ಅವರು ಬಹಳ ಜೋರಾಗಿ ಹೊಡೆಯುತ್ತಾರೆ ಎಂಬುದು. ಹೊಡೆಯುವವರನ್ನು ಕೇಳಿದರೆ ತಾವು ಹಗುರಾಗಿಯೇ ಹೊಡೆದೆವು ಎನ್ನುತ್ತಾರೆ, ಮತ್ತು ಅವರು ಸುಳ್ಳು ಹೇಳುತ್ತಿರುವುದಿಲ್ಲ. ಭಯದಲ್ಲಿರುವವರಿಗೆ ತಮ್ಮ ಬಲ ತಿಳಿಯುವುದಿಲ್ಲ. ಸುತ್ತು ಶುರುವಾಗುವ ಮೊದಲು ಒಬ್ಬರ ಭುಜಕ್ಕೆ ಇನ್ನೊಬ್ಬರು ಒಂದೊಂದು ಪೆಟ್ಟು ಕೊಟ್ಟು, ಇಷ್ಟೇ ಎಂದು ಒಪ್ಪಿಕೊಳ್ಳುವ ಪದ್ಧತಿಯಿಟ್ಟುಕೊಂಡರೆ ಅಳತೆ ಸಿಗುತ್ತದೆ. ಮೌತ್ ಗಾರ್ಡ್ ಹಲ್ಲನ್ನು ಕಾಯುತ್ತದೆ, ಹೆಡ್ ಗಾರ್ಡ್ ಚರ್ಮ ಸೀಳುವುದನ್ನು ಕಡಿಮೆ ಮಾಡುತ್ತದೆ. ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನು ಎರಡೂ ತಡೆಯಲಾರವು. ತಲೆಗೆ ಪೆಟ್ಟು ಬಿದ್ದು ಮಂಕಾದವರು ಸರಿಹೋದೆ ಎಂದರೂ ಆ ದಿನ ಮತ್ತೆ ಸ್ಪಾರಿಂಗ್‌ಗೆ ಇಳಿಯಬಾರದು.

ನೆಲದ ಮೇಲಿನ ಹಿಡಿತಗಳನ್ನು ಕಲಿಯುವವರ ದೋಷ ತಡವಾಗಿ ಟ್ಯಾಪ್ ಮಾಡುವುದು, ಎಂದರೆ ಸೋತೆ ಬಿಡಿ ಎಂದು ಕೈಯಿಂದ ತಟ್ಟಿ ತಿಳಿಸಲು ತಡಮಾಡುವುದು. ಮೊಣಕೈ ಚಾಚುವ ಹಿಡಿತದಲ್ಲಿ ನೋವು ಮೊದಲು ಬಂದು ಎಚ್ಚರಿಸುತ್ತದೆ. ಹಿಮ್ಮಡಿ ಹಿಡಿದು ಮಂಡಿ ತಿರುಚುವ ಹೀಲ್ ಹುಕ್‌ನಲ್ಲಿ ನೋವು ಗೊತ್ತಾಗುವ ಹೊತ್ತಿಗೆ ಮಂಡಿಯ ಕಟ್ಟುಗಳು ಹರಿದಿರಬಹುದು. ಕುತ್ತಿಗೆಯ ರಕ್ತನಾಳ ಒತ್ತುವ ಹಿಡಿತದಲ್ಲಿ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಹಿಡಿತ ಕೂತಿತು ಎಂದು ತಿಳಿದ ಕ್ಷಣವೇ ಟ್ಯಾಪ್ ಮಾಡಬೇಕು, ನೋವಿಗೆ ಕಾಯಬಾರದು.

ಕಟಾ ಮನೆಯಲ್ಲಿ ಬರುತ್ತದೆ, ಬೇರೆಡೆ ಮರೆಯುತ್ತದೆ

ಕಟಾ ಎಂದರೆ ನಿಗದಿತ ಕ್ರಮದಲ್ಲಿ ಮಾಡುವ ಚಲನೆಗಳ ಸರಣಿ. ನೀವು ನೆನಪಿಟ್ಟುಕೊಂಡಿರುವುದು ಕಟಾವನ್ನೋ, ಕೋಣೆಯನ್ನೋ ಎಂದು ನೋಡಬೇಕು. ಪ್ರತಿದಿನ ಕಿಟಕಿಗೆ ಮುಖ ಮಾಡಿ ಶುರುಮಾಡುವವರು ಒಂದು ದಿನ ಬಾಗಿಲಿಗೆ ಮುಖ ಮಾಡಿ ಶುರುಮಾಡಲಿ. ಎರಡನೆಯ ತಿರುವಿನಲ್ಲಿ ತಡವರಿಸಿದರೆ ಕಿಟಕಿಯೇ ಇಷ್ಟು ದಿನ ದಾರಿ ತೋರಿಸುತ್ತಿತ್ತು ಎಂದಾಯಿತು. ವಿಡಿಯೊ ನೋಡಿ ಕಲಿತವರಲ್ಲಿ ಇನ್ನೊಂದು ದೋಷ ಇರುತ್ತದೆ: ಎದುರಿಗೆ ನಿಂತು ತೋರಿಸುವವರ ಎಡವನ್ನು ತಮ್ಮ ಬಲವೆಂದು ತೆಗೆದುಕೊಂಡು ಇಡೀ ಕಟಾವನ್ನು ಕನ್ನಡಿಯ ಬಿಂಬದಂತೆ ಕಲಿತಿರುತ್ತಾರೆ. ಇದು ಎಲ್ಲರ ಜೊತೆ ಸಾಲಿನಲ್ಲಿ ನಿಂತು ಮೊದಲ ಹೆಜ್ಜೆಯಲ್ಲೇ ಪಕ್ಕದವರಿಗೆ ಡಿಕ್ಕಿ ಹೊಡೆದಾಗ ಬಯಲಾಗುತ್ತದೆ.

ಕಟಾದೊಳಗೇ ಒಂದು ಅಳತೆಕೋಲು ಇದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಶೋಟೋಕಾನ್ ಶೈಲಿಯ ಕರಾಟೆಯ ಹೇಯಾನ್ ಶೋದಾನ್ ಎಂಬ ಕಟಾದಲ್ಲಿ 21 ಚಲನೆಗಳಿವೆ. ಶುರುಮಾಡಿದ ಜಾಗಕ್ಕೇ ಬಂದು ಮುಗಿಯಬೇಕು. ನಿಂತ ಜಾಗದಲ್ಲಿ ಸೀಮೆಸುಣ್ಣದ ಒಂದು ಗುರುತು ಹಾಕಿ ಕಟಾ ಮಾಡಿ. ಗುರುತಿಗಿಂತ ಮುಂದೆಯೇ ಮುಗಿದರೆ, ಮೇಲ್ತಡೆ ಹಾಕುತ್ತಾ ಮುಂದಕ್ಕೆ ಹೋದ ಮೂರು ಹೆಜ್ಜೆಗಳಿಗಿಂತ ಗುದ್ದುತ್ತಾ ಹಿಂತಿರುಗಿದ ಮೂರು ಹೆಜ್ಜೆಗಳು ಚಿಕ್ಕದಾಗಿವೆ, ಎಂದರೆ ದಣಿದಂತೆಲ್ಲ ಸ್ಟಾನ್ಸ್ ಗಿಡ್ಡವಾಗುತ್ತಿದೆ. ಪಕ್ಕಕ್ಕೆ ಸರಿದು ಮುಗಿದರೆ ತಿರುವುಗಳ ಕೋನ ತಪ್ಪಿದೆ.

ಮೈಕೈ ನೋವು ಮತ್ತು ಚರ್ಮ

ಹೊಸ ವ್ಯಾಯಾಮದ ಮೈನೋವು ಮಾಡಿದ ದಿನಕ್ಕಿಂತ 24ರಿಂದ 72 ಗಂಟೆಗಳ ನಡುವೆ ಹೆಚ್ಚಿರುತ್ತದೆ, ಎರಡೂ ಕಡೆ ಸಮನಾಗಿ ಇರುತ್ತದೆ, ನಡೆದಾಡಿದಂತೆ ಸಡಿಲವಾಗುತ್ತದೆ. ಒಂದೇ ಕಡೆ, ಕೀಲಿನ ಒಳಗೆ, ನಡೆದಷ್ಟೂ ಹೆಚ್ಚಾಗುವ ನೋವು ಮೈನೋವಲ್ಲ. ತಣ್ಣಗಿರುವ ಸ್ನಾಯುವನ್ನು ನಿಮಿಷಗಟ್ಟಲೆ ಎಳೆದಿಟ್ಟು ಕೂಡಲೇ ಒದೆಯಲು ಹೋಗಬಾರದು. ಮೊದಲು ಓಡಿ, ಕಾಲು ಬೀಸಿ ಮೈ ಬಿಸಿ ಮಾಡಿಕೊಂಡು, ದೀರ್ಘ ಸ್ಟ್ರೆಚ್‌ಗಳನ್ನು ಕೊನೆಗೆ ಇಟ್ಟುಕೊಳ್ಳಬೇಕು. ಮ್ಯಾಟಿನ ಮೇಲೆ ಉರುಳಾಡುವವರಲ್ಲಿ ಉಂಗುರದ ಆಕಾರದ ತುರಿಕೆಯ ಕಲೆ ಕಂಡರೆ ಅದು ಹುಳಕಡ್ಡಿ, ಶಿಲೀಂಧ್ರದ ಸೋಂಕು. ವಾಸಿಯಾಗುವವರೆಗೆ ಮ್ಯಾಟಿಗೆ ಇಳಿಯದಿರುವುದು ಜೊತೆಗಾರರಿಗೆ ತೋರುವ ಕನಿಷ್ಠ ಮರ್ಯಾದೆ.

ದೋಷ ಕಲಿಸುವವರಲ್ಲಿ ಇದ್ದರೆ

ಎಲ್ಲ ಪರೀಕ್ಷೆಗಳೂ ಮುಗಿದ ಮೇಲೂ ಒಂದೇ ತರಗತಿಯ ಹಲವರಿಗೆ ಒಂದೇ ಕೀಲು ನೋಯುತ್ತಿದ್ದರೆ ಕಲಿಯುವವರನ್ನು ಬಿಟ್ಟು ಕಲಿಸುವ ಕ್ರಮವನ್ನು ನೋಡಬೇಕು. ಕುಕ್ಕರಗಾಲಲ್ಲೇ ಇಡೀ ಮೈದಾನ ಸುತ್ತಿಸುವುದು, ಕಾಲು ಅಗಲಿಸಿ ಕುಳಿತವರ ಬೆನ್ನ ಮೇಲೆ ಇನ್ನೊಬ್ಬರನ್ನು ಕೂರಿಸಿ ಒತ್ತಿಸುವುದು, ಬೀಳಲು ಬಾರದವರನ್ನು ಎಸೆಯಲು ಬಿಡುವುದು, ಮೊದಲ ತಿಂಗಳಲ್ಲೇ ಮಕ್ಕಳನ್ನು ಪೂರ್ಣ ಬಲದ ಸ್ಪಾರಿಂಗ್‌ಗೆ ನಿಲ್ಲಿಸುವುದು ಶಿಸ್ತಿನ ಹೆಸರಿನಲ್ಲಿ ಇನ್ನೂ ನಡೆಯುತ್ತಿದೆ. ಅಲ್ಲಿ ಕಲಿಯುವವರ ಪಾದದ ಕೋನ ತಿದ್ದಿ ಏನೂ ಆಗುವುದಿಲ್ಲ, ಜಾಗ ಬದಲಿಸಬೇಕು.

ಒಳ್ಳೆಯ ಗುರುಗಳಿದ್ದಲ್ಲಿ ದೂರನ್ನು ಹೇಳುವ ರೀತಿಯೂ ಮುಖ್ಯ. ಕಿಕ್ ಸರಿ ಬರುತ್ತಿಲ್ಲ ಸರ್ ಎಂದರೆ ಅವರು ಮೊದಲಿನಿಂದ ಎಲ್ಲವನ್ನೂ ಹುಡುಕಬೇಕಾಗುತ್ತದೆ, ತರಗತಿಯಲ್ಲಿ ಅದಕ್ಕೆ ಸಮಯವಿರುವುದಿಲ್ಲ. ಬಲಗಾಲಿನ ಒದೆತದಲ್ಲಿ, ಏಳನೆಯದರಿಂದಾಚೆಗೆ, ನಿಂತ ಎಡ ಪಾದದ ಹಿಮ್ಮಡಿ ತಿರುಗುವುದು ನಿಲ್ಲುತ್ತಿದೆ ಸರ್, ಎಡಗಾಲಿನ ಒದೆತದಲ್ಲಿ ಹೀಗಾಗುತ್ತಿಲ್ಲ ಎಂದು ಹೇಳಿದರೆ ಅವರು ಅಲ್ಲೇ ನಿಂತು, ಎಡ ಪಾದವನ್ನಷ್ಟೇ ನೋಡಿ, ಎರಡು ನಿಮಿಷದಲ್ಲಿ ಉತ್ತರ ಕೊಡಬಲ್ಲರು.